ಕಿಲೋ, ಲೀಟರು ಮತ್ತು ಕಾಕವಿ ಉಂಡಿ

ಸೇರು ಹೋಗಿ ಕಿಲೋ, ಲೀಟರು ಬಂದ ಮೇಲೆ ಅಡಿಗೆಯವರಿಗೆ ದಿನಾ ಒಂದು ಫಜೀತಿ. ನಾನು ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದೆ. ಬಬಲೇಶ್ವರದ ಯಜಮಾನರೊಬ್ಬರು ದೊಡ್ಡ ಮಗಳ ಮದುವೆಗೆ ಶೇಂಗಾ ಉಂಡಿ ಮಾಡಲು ಹೇಳಿದರು. ಹುಡುಗನ ಕಾಕಾ ಹಿಂದೊಮ್ಮೆ ತಿಂಡಿ ಸರಿಯಿಲ್ಲವೆಂದು ಹಂದರದಲ್ಲೇ ಸಂಬಂಧ ಮುರಿದವನಂತೆ.

"ಉಂಡಿ ಕೆಟ್ರ ನನ್ನ ಮಗಳು ಮನ್ಯಾಗ ಉಳೀತಾಳ, ನೋಡು" ಎಂದರು.

ನೋಡುತ್ತೇನೆ ಎಂದೆ.

೧. ತಕ್ಕಡಿ

ಉಂಡಿಗೆ ಕಾಕವಿ ಬೇಕು. ಕಬ್ಬಿನ ಹಾಲು ಬೆಲ್ಲವಾಗುವ ಮೊದಲೇ ಇಳಿಸಿದ ಪಾಕ ಅದು. ನನ್ನ ಲೆಕ್ಕ ನಾಲ್ಕು ಕಿಲೋ. ವಿಜಯಪುರದ ಅಂಗಡಿಯವನು ಕೊಡುವುದು ಲೀಟರಿನಲ್ಲಿ. ಮೊದಲು ಅಳೆದರೂ ಸೇರು, ತೂಗಿದರೂ ಸೇರು. ಇದೂ ಹಾಗೇ ಏನು ಎಂದು ಕೇಳಿದೆ.

ಹಾಗೇ ಎಂದು ತೋರಿಸಲು ಅವನು ಎರಡೂ ತಟ್ಟೆಗೆ ಖಾಲಿ ಡಬ್ಬಿ ಇಟ್ಟ. ಒಂದಕ್ಕೆ ಲೀಟರ್ ಕಾಕವಿ ಸುರಿದ, ಇನ್ನೊಂದರ ಪಕ್ಕ ಕಿಲೋ ಕಲ್ಲು ಇಟ್ಟ. ಕಾಕವಿ ಧಡ್ ಎಂದು ಕೆಳಗಿಳಿಯಿತು. ಗಾಬರಿಯಾಗಿ ಕಾಕವಿ ತೆಗೆದು ಲೀಟರ್ ಎಣ್ಣೆ ಸುರಿದು ನೋಡಿದ. ಎಣ್ಣೆ ಮೇಲೇರಿತು.

ಮರುದಿನ ತಕ್ಕಡಿಯನ್ನು ರಿಪೇರಿಗೆ ಕಳಿಸಿದ.

೨. ಮಾಸ್ತರು

ಡಬ್ಬಿ ತುಂಬ ಕಾಕವಿ ಹೊತ್ತು ಟಿಕೋಟಾಕ್ಕೆ ಹೋದೆ. ಅಲ್ಲಿ ಪರಿಚಯದ ಸಾಲಿ ಮಾಸ್ತರು ಇದ್ದರು. ವಿಷಯ ಕೇಳಿ ನಕ್ಕರು. ಅಂಗಡಿಯವನಿಗೆ ಬುದ್ಧಿಯಿಲ್ಲ ಎಂದರು. ಲೀಟರ್ ನೀರು ತರಿಸಿ ತೂಗಿದರು. ಸರಿಯಾಗಿ ಒಂದು ಕಿಲೋ.

"ಕಂಡ್ಯೇನು? ಎರಡೂ ಒಂದ" ಎಂದರು.

"ಉಂಡಿ ನೀರಾಗ ಕಟ್ಟೂದಲ್ರಿ, ಮಾಸ್ತರ."

ಅವರು ಪುಸ್ತಕ ತೆಗೆದು ಹಾಳೆ ತಿರುವಿದರು.

"ಪುಸ್ತಕದಾಗ ಕಾಕವಿ ಇಲ್ಲಪಾ" ಎಂದರು.

೩. ಕಾಕಾ

ಮದುವೆ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಲೀಟರ್ ಮಾಪು ಇತ್ತು. ಕಾಕವಿ ಭಾರ ಎನ್ನುವುದು ನೆನಪಿತ್ತು. ಭಾರವೆಂದರೆ ಹೆಚ್ಚು ಹಾಕಬೇಕೋ ಕಡಿಮೆಯೋ, ಅದು ತಿಳಿಯಲಿಲ್ಲ. ಹೆಚ್ಚೇ ಇರಬೇಕೆಂದು ಐದು ಲೀಟರ್ ಸುರಿದು ಕಾಯಿಸಿ, ಶೇಂಗಾ ಕಲಸಿ ಉಂಡಿ ಕಟ್ಟಿದೆ.

ಆರಿದ ಮೇಲೆ ನೋಡಿದರೆ ಉಂಡಿ ಹೊರಗೆ ಕಲ್ಲು, ಒಳಗೆ ಅಂಟು. ಮತ್ತೆ ಮಾಡಲು ಶೇಂಗಾ ಇರಲಿಲ್ಲ.

ಅಕ್ಷತೆಗೆ ಮೊದಲು ಬೀಗರಿಗೆ ಫರಾಳದ ತಿಂಡಿ. ಯಜಮಾನರು ಒಂದು ಉಂಡಿ ಒತ್ತಿ ನೋಡಿದರು. ತಟ್ಟೆ ಹಿಂದಕ್ಕೆ ಎಳೆಯಲು ಹೋದರು. ಅಷ್ಟರಲ್ಲಿ ಕಾಕಾ ಇಡೀ ಉಂಡಿ ಬಾಯಿಗೆ ಹಾಕಿಕೊಂಡು ಜೋರಾಗಿ ಕಚ್ಚಿದ. ಬಾಯಿ ಮುಚ್ಚಿತು. ಮತ್ತೆ ತೆರೆಯಲಿಲ್ಲ.

ಕಣ್ಣು ಕೆಂಪಗೆ ಮಾಡಿದ. ಕೈ ಬೀಸಿದ. ಊಂ ಊಂ ಎಂದ. ಕಾಕಾ ಒಪ್ಪಿದರು, ತಡ ಮಾಡಬೇಡಿ ಎನ್ನುತ್ತಿದ್ದಾರೆ ಎಂದುಕೊಂಡು ಬೀಗರು ಬಾಜಾ ಹಚ್ಚಿಸಿದರು. ಅಕ್ಷತೆ ಬಿತ್ತು. ಆಮೇಲೆ ಅವನ ಬಾಯಿ ಬಿಟ್ಟಿತು. ಆಗ ಬೈದರೆ ಕೇಳುವವರು ಯಾರು? ಎಲ್ಲರೂ ಊಟಕ್ಕೆ ಕುಳಿತಿದ್ದರು.

ಯಜಮಾನರು ಅಡಿಗೆ ಮನೆಗೆ ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ತಮ್ಮಾ, ಸಣ್ಣಾಕಿ ಮದುವಿಗೂ ನೀನ ಬಾ. ಕಾಕವಿ ಇಷ್ಟ ಹಾಕು."

"ಎಷ್ಟಂತ ಹಾಕ್ಲಿರಿ? ಕಿಲೋದಾಗ ಹೇಳ್ರಿ, ಇಲ್ಲಾ ಲೀಟರಿನ್ಯಾಗ ಹೇಳ್ರಿ."

"ಅದೆಲ್ಲಾ ನನಗ ತಿಳಿಯೂದಿಲ್ಲ. ಆ ಬೀಗರ ಮನ್ಯಾಗೂ ಒಬ್ಬ ಕಾಕಾ ಅದಾನ. ಅವನ ಬಾಯಿ ಮುಚ್ಚೂವಷ್ಟು ಹಾಕು."