ಅಣ್ಣನಿಗೆ ಸಿಕ್ಕ ಎರಡು ನಿಮಿಷ

ನಮ್ಮಣ್ಣ ಕುಡಿಯಲು ನೀರು ಕೇಳಿ ಮುಗಿಸುವಷ್ಟರಲ್ಲಿ ಬಾವಿಯೇ ಬತ್ತಬಹುದು! ಕೊಪ್ಪಳದ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದವನು. ಪೀಠಿಕೆಯಿಲ್ಲದೆ ಬಾಯಿ ತೆರೆದರೆ ಸನ್ನದು ಕಿತ್ತುಕೊಳ್ಳುತ್ತಾರೆಂಬ ಭಯವೋ ಏನೋ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಬದನೆಕಾಯಿ ಯಾವ ಸಂತೆಯದು, ಹೆಚ್ಚಿದವರು ಯಾರು, ಒಲೆಯ ಮೇಲಿಟ್ಟಾಗ ಗಂಟೆ ಎಷ್ಟು ಎಂಬಲ್ಲಿಂದ ಶುರು. ಅಷ್ಟರಲ್ಲಿ ಅತ್ತಿಗೆ ಉಪ್ಪು ಹಾಕಿ, ಉಣಿಸಿ, ತಟ್ಟೆಯನ್ನೂ ತೊಳೆದಿಟ್ಟಿರುತ್ತಾಳೆ.

ಇಂಥವನು ಲೋಕಸಭೆಗೆ ನಿಂತ. ಗಂಗಾವತಿಯಲ್ಲಿ ಅವನ ಭಾಷಣ ಶುರುವಾದಾಗ ತೊಟ್ಟಿಲಲ್ಲಿದ್ದ ಕೂಸು, ಭಾಷಣ ಮುಗಿಯುವಾಗ ಅಂಬೆಗಾಲಿಡುತ್ತಿತ್ತು ಎಂದು ನಮ್ಮ ಮನೆಯವರು ಹೇಳುವುದು ಸ್ವಲ್ಪ ಅತಿಯೇ. ಆದರೂ ಗೆದ್ದ. ಹೇಗೆ? ಕುಷ್ಟಗಿಯ ಹಿರಿಯರೊಬ್ಬರು ನನಗೇ ವಿವರಿಸಿದರು: "ಇಲ್ಲೇ ಇದ್ದರ ನಾವು ಕೇಳಬೇಕವ್ವಾ. ದಿಲ್ಲಿಗೆ ಕಳಿಸಿದರ ಅವರು ಕೇಳ್ತಾರ."

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಹೊಲದ ದಾರಿಗೆ ರೈಲುಹಳಿ ಅಡ್ಡ. ಗೂಡ್ಸ್ ಗಾಡಿ ತಾಸುಗಟ್ಟಲೆ ನಿಂತರೆ ಕೂಲಿ ಹೆಂಗಸರು ಅದರ ಕೆಳಗೇ ನುಸುಳುತ್ತಾರೆ. ಹೋದ ತಿಂಗಳು ನಮ್ಮ ಹೊಲಕ್ಕೆ ಬರುವ ಹನುಮವ್ವ ಅರ್ಧ ದಾಟಿದ್ದಾಗ ಗಾಡಿ ಕದಲಿತು. ಅವಳು ಉಳಿದಳು, ಬುತ್ತಿಗಂಟು ಉಳಿಯಲಿಲ್ಲ. ಹಳಿಯಡಿಯಲ್ಲಿ ಒಂದು ದಾರಿ ಕೇಳಲು ಅಣ್ಣನಿಗೆ ಸದನದಲ್ಲಿ ಎರಡು ನಿಮಿಷ ಸಿಕ್ಕಿತು. ಎರಡೇ! ಮೊದಲು ಬೇಡಿಕೆ ಹೇಳು, ಇತಿಹಾಸ ಆಮೇಲೆ ಎಂದು ಫೋನಿನಲ್ಲಿ ಅಂಗಲಾಚಿದೆ. ಪೀಠಿಕೆಯಿಲ್ಲದ ವಾದ ಬುನಾದಿಯಿಲ್ಲದ ಗೋಡೆ ಎಂದು ನನಗೇ ಪಾಠ ಹೇಳಿದ.

ಮಧ್ಯಾಹ್ನ ಟಿವಿ ಮುಂದೆ ನಾನು, ಹನುಮವ್ವ. ಅಣ್ಣ ಎದ್ದ, ಕಾಗದ ಬಿಡಿಸಿದ, ನಿಜಾಮನ ಕಾಲದಿಂದ ಶುರು ಮಾಡಿದ. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಅರ್ಧ ನಿಮಿಷ. ಒಂದು ನಿಮಿಷ. ಇನ್ನೂ ಹಳಿಗೆ ಜಮೀನು ಬಿಟ್ಟುಕೊಟ್ಟವರ ಹೆಸರು ಓದುತ್ತಿದ್ದಾನೆ!

"ಇದರಾಗ ನಾವು ಯಾವಾಗ ಬರ್ತೀವ್ರಿ ಅಕ್ಕಾರ?" ಎಂದಳು ಹನುಮವ್ವ ಮೆಲ್ಲಗೆ.

ಸಭಾಧ್ಯಕ್ಷರು ಗಂಟೆ ಬಾರಿಸಿದರು. ಅಣ್ಣ ತಲೆಯೆತ್ತಿದ. ಕೈಯಲ್ಲಿ ಇನ್ನೂ ನಾಲ್ಕು ಹಾಳೆ. ಆಮೇಲೆ ಕಾಗದ ಮಡಚಿ, ಅಚ್ಚ ನಮ್ಮ ಮನೆಮಾತಿನಲ್ಲಿ ಹೇಳಿದ: "ನಮ್ಮೂರ ಹೆಣ್ಮಕ್ಕಳು ಕೂಲಿಗೆ ಹೋಗಾಕ ಗಾಡಿ ಕೆಳಗ ನುಸುಳತಾರ್ರಿ. ಯಾರರ ಸಾಯೂಕಿಂತ ಮೊದಲ ಒಂದು ದಾರಿ ಮಾಡಿಕೊಡ್ರಿ."

ಕುಳಿತುಬಿಟ್ಟ. ಸದನದಲ್ಲಿ ಮುಂದಿನವರು ಎದ್ದರು. ದಾರಿಯ ಉತ್ತರ ಇನ್ನೂ ಬರಬೇಕು.

ಒಂದು ತಾಸಿಗೆ ಫೋನು ಬಂತು. ಹನುಮವ್ವ ಇನ್ನೂ ಕೂತಲ್ಲಿಂದ ಎದ್ದಿರಲಿಲ್ಲ. ಅಣ್ಣ ನನ್ನನ್ನು ಏನೂ ಕೇಳಲಿಲ್ಲ, ಹನುಮವ್ವ ಅಲ್ಲೇ ಇದ್ದರೆ ಅವಳಿಗೆ ಕೊಡು ಎಂದ. ಅವಳು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಪೀಠಿಕೆ ಬರಲಿಲ್ಲ. ಅಣ್ಣ ಮೂಗೆಳೆದುಕೊಳ್ಳುವ ಸದ್ದು ನನಗೂ ಕೇಳಿಸಿತು.

"ಸಾಹೇಬ್ರ," ಎಂದಳು ಹನುಮವ್ವ, "ಊಟ ಆತೇನ್ರಿ?"