ಸಿಟ್ಟಿನ ಸರಾಸರಿ ತೆಗೆಯಲು ಹೋದ ಪಜೀತಿ

ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ನಮ್ಮ ಕಡೆಯ ಮಂದಿಯ ಮನಸ್ಸು ಅಳೆಯಲು ಹೊರಟರೆ ಪಜೀತಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಅದು ನಮಗಿಂತ ಮೊದಲೇ ಹೋಗಿ ಚಹಾ ಹೇಳಿ ಕೂತಿರುತ್ತದೆ. ನನಗೆ ಎದುರಾದಷ್ಟು ಬೇರೆಯವರಿಗೆ ಎದುರಾಗಿದ್ದರೆ ಅರ್ಧಕ್ಕೇ ಓಡಿಹೋಗುತ್ತಿದ್ದರು. ನಾನು ಓಡುವ ಪೈಕಿ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ: ಬೈಲಹೊಂಗಲ ತಾಲೂಕಿನ ನಮ್ಮೂರಿನಿಂದ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಲು ಹೊರಟ ಮೊದಲ ಗಂಡಸು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಇದು ಯಾವ ಶಾಸ್ತ್ರವೆಂದು ತಿಳಿಯದೆ ಊರ ಹಿರಿಯರೊಬ್ಬರು ಎಮ್ಮೆಯನ್ನೇ ಹೊಡೆದುಕೊಂಡು ಬಂದಿದ್ದರು. "ತಮ್ಮಾ, ನಿನ್ನೆಯಿಂದ ಹಾಲ ಕೊಡವಲ್ದು. ಇದರ ಮನಸಿನ್ಯಾಗ ಏನೈತಿ ಒಂದೀಟ ನೋಡು."

ನಾನೂ ಬಿಡಲಿಲ್ಲ. ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ಮ್ಯಾಲೆ ಭಾಳ ಸಿಟ್ಟೈತ್ರಿ ಇದಕ್ಕ" ಅಂದೆ. ಮರುದಿನ ಅದು ಅವರನ್ನು ಒದ್ದಿತು. ಅಂದಿನಿಂದ ಊರಲ್ಲಿ ನನ್ನ ಕಿಮ್ಮತ್ತೇ ಬೇರೆ.

ಕಡೆಯ ವರ್ಷಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ಎಮ್ಮೆ ಕೊಟ್ಟ ಧೈರ್ಯದಲ್ಲಿ ನಾನು ಸಿಟ್ಟನ್ನೇ ಆರಿಸಿಕೊಂಡೆ. ನಾಲ್ಕು ಊರು ಸುತ್ತಿ ಒಂದೇ ಪ್ರಶ್ನೆ ಕೇಳುವುದು: 'ನಿಮಗೆ ಎಷ್ಟು ಸಿಟ್ಟು ಬರುತ್ತದೆ? ಒಂದರಿಂದ ಹತ್ತರೊಳಗೆ ಹೇಳಿ.' ಒಂದು ಅಂದರೆ ಶಾಂತಮೂರ್ತಿ. ಹತ್ತು ಅಂದರೆ ಕೈಗೆ ಸಿಕ್ಕಿದ್ದನ್ನು ಒಗೆಯುವ ಪೈಕಿ. ಮೊದಲ ಹಾಳೆಯನ್ನು ನಾನೇ ತುಂಬಿದೆ. 'ಒಂದು' ಎಂದು ದಪ್ಪಗೆ ಬರೆದೆ. ನನ್ನಂಥ ಸಮಾಧಾನದ ಮನುಷ್ಯ ನಮ್ಮ ಕಡೆ ಸಿಗುವುದು ಕಷ್ಟ.

ನಮ್ಮ ಗೈಡ್ ಮೇಡಂ ಬೋರ್ಡಿನ ಮೇಲೆ ಗುಡಿಯ ಗಂಟೆಯ ಚಿತ್ರ ಬರೆದರು. "ನೋಡಪಾ, ಸಾಮಾನ್ಯ ಭಾಳ ಮಂದಿ ನಡುವ ಇರ್ತಾರ, ಎರಡೂ ತುದಿಗೆ ಸ್ವಲ್ಪ ಸ್ವಲ್ಪ ಮಂದಿ. ಗ್ರಾಫ್ ಹಿಂಗ ಗಂಟಿ ಆಗ್ತದ. ನಿಂದು ಗಂಟಿನ ಆಗಬೇಕಂತ ಏನಿಲ್ಲ. ಆದ್ರ ಯಾವ ಆಕಾರ ಬಂದ್ರೂ ಯಾಕ ಬಂತು ಅಂತ ಹೇಳಾಕ ಬರಬೇಕು. ಬರಲಿಲ್ಲಂದ್ರ ನಾ ಸಹಿ ಮಾಡೂದಿಲ್ಲ."

"ಗಂಟಿನ ತರ್ತೇನ್ರಿ ಮೇಡಂ. ಬಾರಿಸಿ ನೋಡಿ ತಗೋರಿ" ಎಂದು ಎದೆ ತಟ್ಟಿ ಬಂದೆ.

ಎದೆ ತಟ್ಟಲು ಕಾರಣವಿತ್ತು. ಊರಲ್ಲಿ ನನ್ನ ದೋಸ್ತ ಅವಸರ ಮಾಡಿ, ನಾನು ಪಾಸಾದ ಸಂತೋಷಕ್ಕೆ ಬಸ್ ಸ್ಟ್ಯಾಂಡ್ ಮುಂದೆ ಕಟ್ಟಲು ಫ್ಲೆಕ್ಸ್ ತಯಾರು ಮಾಡಿಸಿಬಿಟ್ಟಿದ್ದ. ಪಾಸಾಗುವ ಮೊದಲೇ! ಕರೀ ಕನ್ನಡಕ ಹಾಕಿದ ನನ್ನ ಆಳೆತ್ತರದ ಫೋಟೋ, ಸುತ್ತ ಉಳಿದ ದೋಸ್ತರ ಮುಖಗಳು, ನನ್ನ ಹೆಸರಿನ ಕೆಳಗೆ ಬಿರುದು ಹಚ್ಚಲು ಖಾಲಿ ಬಿಟ್ಟ ಜಾಗ.

"ಫೇಲ್ ಆದ್ರ ಇದನ್ನ ಏನ ಮಾಡ್ತೀಲೇ?" ಅಂದೆ.

"ನಿಮ್ಮಪ್ಪನ್ನ ಕೇಳೇನಿ. ಜ್ವಾಳದ ರಾಶಿಗೆ ಹೊಚ್ಚಾಕ ಬರತೈತಿ, ಅಳತಿ ಬರೋಬ್ಬರಿ ಐತಿ ಅಂದಾನ."

ಅಂದರೆ ನನ್ನ ಮುಖ ಒಂದೋ ಬಸ್ ಸ್ಟ್ಯಾಂಡ್ ಮುಂದೆ, ಇಲ್ಲವೋ ಜೋಳದ ರಾಶಿಯ ಮೇಲೆ. ಮಾನದ ಪ್ರಶ್ನೆ.

ಟವೆಲ್ ಬುಡಕಿನ ಸಿಟ್ಟು

ಮೊದಲು ಹೋಗಿದ್ದು ಬೈಲಹೊಂಗಲದ ದನದ ಸಂತೆಗೆ. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡನ್ನೂ ಟವೆಲ್ಲಿನ ಕೆಳಗೆ ಮುಚ್ಚಿ, ಬೆರಳು ಹಿಚುಕಿ ದರ ಹೇಳುತ್ತಾರೆ. ಪಕ್ಕದವನಿಗೆ ಗೊತ್ತಾಗಬಾರದು.

ಒಬ್ಬ ದಲಾಲಿ ಕಾಕಾ ಎತ್ತಿನ ಮೇಲಿನ ಸಿಟ್ಟನ್ನು ಎತ್ತಿನ ಮಾಲೀಕನ ಮೇಲೆ ತೀರಿಸುತ್ತ ನಿಂತಿದ್ದರು. ಬೈಯುವುದು ಮುಗಿದ ಮೇಲೆ ಹತ್ತಿರ ಹೋಗಿ ಪ್ರಶ್ನೆ ಕೇಳಿದೆ. ಅವರು ಆಚೆ ಈಚೆ ನೋಡಿ, "ಇದೆಲ್ಲಾ ನಾಕ ಮಂದ್ಯಾಗ ಹೇಳೂದೇನೊ? ಕೈ ತಾ" ಎಂದು ಹೆಗಲ ಮೇಲಿನ ಟವೆಲ್ ಎಳೆದು ನನ್ನ ಕೈ ಮೇಲೆ ಹಾಕಿದರು. ಎರಡು ಬೆರಳು ಹಿಚುಕಿದರು.

ಎರಡು! ಈಗಷ್ಟೇ ಅವರ ಬೈಗುಳಕ್ಕೆ ಎತ್ತೇ ಕಿವಿ ಮುಚ್ಚಿಕೊಂಡಿತ್ತು. ನನ್ನೊಳಗಿನ ರೈತ ಸುಮ್ಮನಿರುತ್ತಾನೆಯೇ? ನಾನೂ ತಿರುಗಿ ನಾಲ್ಕು ಬೆರಳು ಎರಡು ಸಲ ಹಿಚುಕಿ ಎಂಟು ಹೇಳಿದೆ. ಕಾಕಾ ತಲೆ ಅಲ್ಲಾಡಿಸಿ ಮೂರಕ್ಕೆ ಬಂದರು. ನಾನು ಏಳಕ್ಕೆ ಇಳಿದೆ. ಸುತ್ತ ಮಂದಿ ನೆರೆದರು. ಕಡೆಗೆ ಐದಕ್ಕೆ ಕೈ ಕೈ ಕೂಡಿದವು. ಇದನ್ನು ನೋಡಿದ ಉಳಿದವರೂ ಸಾಲು ಹಿಡಿದು ಟವೆಲ್ ಹಾಕಿದರು. ಎಲ್ಲರೂ ಐದರ ಆಸುಪಾಸಿನಲ್ಲೇ ಮುಗಿಸಿದರು.

ಗ್ರಾಫ್ ಬರೆದರೆ ಥೇಟ್ ಗಂಟೆ! ಕುಣಿಯುತ್ತ ಮೇಡಂ ಮುಂದೆ ಇಟ್ಟೆ. ಅವರು ಎಲ್ಲಾ ಕೇಳಿಕೊಂಡು, "ಇದು ಅವರ ಸಿಟ್ಟಲ್ಲಪಾ, ನೀನೂ ಅವರೂ ಕೂಡಿ ಕುದುರಿಸಿದ ದರ" ಅಂದರು.

ಅದು ನನಗೆ ಅಲ್ಲೇ ಹೊಳೆಯಬೇಕಿತ್ತು. ಯಾಕೆಂದರೆ ಹೊರಡುವಾಗ ಕಾಕಾ ನನ್ನ ಅಂಗಿ ಹಿಡಿದು ಕೇಳಿದ್ದರು: "ವ್ಯವಹಾರ ಮುಗೀತಲ್ಲ, ದಲಾಲಿ ಯಾರ ಕೊಡ್ತೀರಿ?"

ಹತ್ತಕ್ಕೇ ಮುಗಿಯುತ್ತದೆಯೇ?

ಕಿತ್ತೂರಿನಲ್ಲಿ ಟವೆಲ್ಲಿನ ತಂಟೆಯೇ ಬೇಡವೆಂದು ಒಂದು ಚಹಾದಂಗಡಿಯಲ್ಲಿ ಕೂತು ಜೋರಾಗಿ ಕೇಳಿದೆ. ರುಮಾಲು ಸುತ್ತಿದ ಅಜ್ಜ ಒಬ್ಬರು ಚಹಾದ ಬಸಿ ಕೆಳಗಿಟ್ಟು, "ಬೈಲಹೊಂಗಲದಾವ್ರು ಎಷ್ಟ ಹೇಳ್ಯಾರ?" ಅಂದರು.

ಹೇಳಬಾರದಿತ್ತು. ಬಾಯಿ ತಪ್ಪಿತು. "ಐದ ರೀ."

"ಐದs?" ಅಜ್ಜ ಅಂಗಡಿಯ ಕಡೆ ತಿರುಗಿದರು. "ಕೇಳಿದ್ರೇನೊ? ಅವ್ರದು ಐದಂತ! ನನಗ ಒಂಬತ್ತ ಬರಿ."

ಪಕ್ಕದವರು ಚಹಾ ಅರ್ಧಕ್ಕೆ ಬಿಟ್ಟರು. "ಅಜ್ಜಗ ಈ ವಯಸ್ಸಿನ್ಯಾಗ ಒಂಬತ್ತಂದ್ರ, ನನಗ ಹತ್ತು."

"ನನಗ ಹನ್ನೊಂದು!" ಒಳಗಿಂದ ಭಜಿ ಕರಿಯುವವರು ಕೂಗಿದರು.

"ಹತ್ತಕ್ಕ ಮುಗೀತೈತ್ರಿ" ಅಂದೆ.

ಭಜಿ ಎತ್ತುವ ಜಾರಿ ಹಿಡಿದುಕೊಂಡೇ ಹೊರಗೆ ಬಂದರು. "ಯಾರ ಮುಗಿಸಿದ್ರು? ನಮ್ಮೂರ ಸಿಟ್ಟು ಹತ್ತಕ್ಕ ಮುಗೀತೈತಿ ಅಂತ ಹೇಳಿದಾಂವ ಯಾಂವ?" ಜಾರಿಯಿಂದ ಎಣ್ಣೆ ಸುರಿಯುತ್ತಿತ್ತು. ಖರೆ ಹೇಳಬೇಕೆಂದರೆ ಅವರ ಸಿಟ್ಟು ಹನ್ನೊಂದೇ ಇತ್ತು.

ಗ್ರಾಫ್ ಬರೆದರೆ ಮಂದಿಯೆಲ್ಲಾ ಬಲತುದಿಗೆ ಒತ್ತಿಕೊಂಡಿದ್ದರು, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಹಾಗೆ. ಎಡಕ್ಕೆ ಉದ್ದ ಬಾಲ, ಆ ಬಾಲದ ತುದಿಯಲ್ಲಿ ಒಬ್ಬನೇ ಒಬ್ಬ ನಾಲ್ಕು ಹೇಳಿದವನು. ಇದಕ್ಕೆ ಓರೆಯಾದ ಹಂಚಿಕೆ ಅನ್ನುತ್ತಾರೆ ಎಂದು ಹೇಳಿ ಮೇಡಂ ಕೇಳಿದರು, "ಬಾಲದಾಗ ಒಬ್ಬಾಂವ ಅದಾನಲ್ಲ, ಯಾರಂವ?"

ಅದನ್ನು ಕಿತ್ತೂರಿನವರೇ ನನಗೆ ಆಣೆ ಮಾಡಿ ಹೇಳಿ ಕಳಿಸಿದ್ದರು: "ಅಂವಾ ನಮ್ಮೂರಾಂವ ಅಲ್ಲಪಾ. ಬೈಲಹೊಂಗಲದಿಂದ ಬಂದ ಮನಿಅಳ್ಯಾ."

ಪಂಕ್ತಿಯಲ್ಲಿ ಭೇದವಿಲ್ಲ

ಸವದತ್ತಿಯಲ್ಲಿ ಜಾಣನಾದೆ. ಬೇರೆ ಊರಿನ ಸುದ್ದಿಯನ್ನೇ ತೆಗೆಯಲಿಲ್ಲ. ಒಂದು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಹಿರಿಯರ ಹತ್ತಿರ ಹೋಗಿ ಮೊದಲನೆಯವರನ್ನು ಕೇಳಿದೆ. ಯಜಮಾನರು ಬಹಳ ವಿಚಾರ ಮಾಡಿ, "ಏಳ ಹಾಕ್ರಿ" ಅಂದರು.

ಎರಡನೆಯವರು: "ಅವ್ರಿಗೆ ಹಾಕಿದ್ದನ ನನಗೂ ಹಾಕ್ರಿ."

ಮೂರನೆಯವರು ಬಾಯಿಯನ್ನೂ ತೆರೆಯಲಿಲ್ಲ. ಹಾಗೇ ಹಾಕಿಕೊಂಡು ಹೋಗು ಎಂದು ಕೈ ಮಾಡಿದರು. ನನಗೆ ಲಗ್ನದ ಊಟದಲ್ಲಿ ಸಾರಿನ ಬಕೆಟ್ ಹಿಡಿದು ನಡೆದ ಹಾಗೆ ಅನ್ನಿಸಹತ್ತಿತು.

ಕಡೆಯಲ್ಲಿ ಕೂತಿದ್ದ ಬಡಕಲು ಮನುಷ್ಯ ಮಾತ್ರ ಮೆಲ್ಲಗೆ, "ನನಗ ಎರಡ ಸಾಕ್ರಿ" ಅಂದರು.

ಇಡೀ ಕಟ್ಟೆ ಅವರ ಮೇಲೆ ಬಿತ್ತು. "ಏ, ಸಂಕೋಚ ಮಾಡ್ಕೋಬ್ಯಾಡೋ!" "ಹಾಕಿಸ್ಕೋ, ಏನೂ ಆಗೂದಿಲ್ಲ!" "ಅವ್ರ ಮಾತ ಕೇಳಬ್ಯಾಡ್ರಿ, ನಾಚ್ತಾರ. ಹಾಕ್ರಿ ಏಳು!" ಆ ಮನುಷ್ಯ ಎರಡೂ ಕೈ ಅಡ್ಡ ಹಿಡಿದು "ಸಾಕs, ಸಾಕs" ಅನ್ನುತ್ತಲೇ ಇದ್ದರು. ಎಲೆಯ ಮೇಲೆ ಹೋಳಿಗೆ ಬಿದ್ದ ಹಾಗೆ ಏಳು ಬಿತ್ತು.

ಮೇಡಂ ಮುಂದೆ ನಿಂತು ಎದೆ ಉಬ್ಬಿಸಿದೆ. "ಎಲ್ಲಾ ಕೂಡಿಸಿ ಭಾಗಿಸಿದ ಸರಾಸರಿ ಏಳು. ಸಾಲಾಗಿ ನಿಲ್ಲಿಸಿದರ ನಟ್ಟನಡುವಿನ ಮಧ್ಯಾಂಕ ಏಳು. ಹೆಚ್ಚು ಮಂದಿ ಹೇಳಿದ ಬಹುಲಕ, ಅದೂ ಏಳು! ಮೂರೂ ಒಂದ ಕಡೆ ಬಂದ್ರ ಗಂಟಿ ಅಂತ ನೀವs ಕಲಿಸಿರಿ."

ಗ್ರಾಫಿನಲ್ಲಿ ಒಂದೇ ಒಂದು ಕಡ್ಡಿ ನೆಟ್ಟಗೆ ನಿಂತಿತ್ತು. ಮೇಡಂ ಕನ್ನಡಕ ತೆಗೆದರು. "ಗಂಟಿ ಎಲ್ಲದನೋ? ಇದು ಗಂಟಿ ಕಟ್ಟೂ ಕಂಬ."

ಯಾರದೂ ಅಲ್ಲದ ಏಳು

ಉಳಿದಿದ್ದು ರಾಮದುರ್ಗದ ಕಡೆ. ಗುಂಪಿನಲ್ಲಿ ಕೇಳುವುದೇ ತಪ್ಪು, ಮನೆಮನೆಗೆ ಹೋಗಬೇಕೆಂದು ಮೇಡಂ ಹೇಳಿ ಕಳಿಸಿದರು. ಅಲ್ಲೇ ಹತ್ತಿರದ ತೊರಗಲ್ಲಿಗೆ ಹೋದೆ. ಕೋಟೆಯ ಕೆಳಗಿನ ಮೊದಲ ಮನೆಯಲ್ಲಿ ಯಜಮಾನರು ಪಡಸಾಲೆಯಲ್ಲಿ ಕೂಡಿಸಿ, ನೀರು ಕೊಟ್ಟು, ನಗುನಗುತ್ತ ಹೇಳಿದರು: "ನಂದೇನ್ರಿ, ನಾಕು. ಅದೂ ಹೆಚ್ಚಾತು."

"ಹತ್ತ ಬರಕೋ ತಮ್ಮಾ!" ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳದ ಮೇಲೆ ಯಜಮಾನಿಯ ದನಿ ಬಂತು.

"ನಾಕs ಬರೀರಿ" ಅಂದರು ಇವರು.

"ಹತ್ತರ ಕೆಳಗ ಬರದಿ ಅಂದ್ರ ಚಹಾ ಇಲ್ಲ ನೋಡ."

ನಾನು ಸಂಶೋಧಕ, ಯಾರ ಪಕ್ಷವನ್ನೂ ವಹಿಸುವ ಹಾಗಿಲ್ಲ. ಚಹಾವನ್ನೂ ಬಿಡುವ ಹಾಗಿಲ್ಲ. ಎರಡೂ ಬರೆದೆ. ಮುಂದಿನ ಮನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ನಾಲ್ಕನೆಯ ಮನೆಯ ಯಜಮಾನರು ಹುಷಾರಿ. "ಇಲ್ಲಿ ಬ್ಯಾಡ ನಡೀರಿ" ಎಂದು ನನ್ನ ಕೈ ಹಿಡಿದು ಕೋಟೆಯ ಗೋಡೆಯ ತನಕ ಕರೆದುಕೊಂಡು ಹೋಗಿ, ಕಿವಿಯಲ್ಲಿ "ನಾಕು" ಅಂದರು. ಅಷ್ಟರಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು.

ಗ್ರಾಫ್ ಎರಡು ಡುಬ್ಬದ ಒಂಟೆ ಆಯಿತು. ಮೇಡಂ ಹಣೆ ಒತ್ತಿಕೊಂಡರು. "ಅರ್ಧ ನಾಕು, ಅರ್ಧ ಹತ್ತು. ಸರಾಸರಿ ಏಳು. ಆದ್ರ ಏಳರಾಗ ಒಬ್ಬರೂ ಇಲ್ಲ! ನಡುವಿನ ಈ ಏಳು ಯಾರದಪಾ?"

"ನಂದ ರೀ ಮೇಡಂ" ಅಂದೆ. "ಪಡಸಾಲಿಗೂ ಅಡಗಿಮನಿಗೂ ನಡುವ ಕುಂತಾಂವ ನಾನೊಬ್ಬನ."

ಒಂದರ ಮುಂದೆ

ಮೌಖಿಕ ಪರೀಕ್ಷೆಯ ದಿನ ಬಂತು. ಫ್ಲೆಕ್ಸ್ ಸುತ್ತಿಟ್ಟುಕೊಂಡು ದೋಸ್ತ ಊರಲ್ಲಿ ಫೋನ್ ಹಿಡಿದು ಕೂತಿದ್ದ. ಅಪ್ಪ ಜೋಳದ ರಾಶಿಯ ಹತ್ತಿರ ಕೂತಿದ್ದ. ಇಬ್ಬರೂ ನನ್ನ ದಾರಿಯನ್ನೇ ಕಾಯುತ್ತಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ನನ್ನ ಗ್ರಾಫುಗಳನ್ನು ಒಂದೊಂದಾಗಿ ತಿರುವಿ, "ಇದೇನು?" ಅಂದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಐದು ಟವೆಲ್ ಕೆಳಗೆ ಕುದುರಿದ್ದು, ಹತ್ತು ಪಕ್ಕದೂರಿನ ಮೇಲಿನ ಹಟಕ್ಕೆ ಬಂದಿದ್ದು, ಏಳು ಪಂಕ್ತಿಯಲ್ಲಿ ಬಡಿಸಿದ್ದು, ಒಂಟೆ ಗಂಡ ಹೆಂಡಿರ ನಡುವೆ ಹುಟ್ಟಿದ್ದು. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೇಡಂ ಮುಖದ ಮೇಲೂ ಕಳೆ ಬಂತು. ಗೆದ್ದೆ ಅಂದುಕೊಂಡೆ.

ಆಗ ಅವರು ಎಲ್ಲಾ ಹಾಳೆ ಕೂಡಿಸಿ ಬರೆದಿದ್ದ ಕಡೆಯ ಗ್ರಾಫಿನ ಎಡತುದಿಗೆ ಬೆರಳಿಟ್ಟರು. "ನಾಲ್ಕೂ ಊರು ಕೂಡಿಸಿದ್ರ ನಾಕರ ಕೆಳಗ ಯಾರೂ ಇಲ್ಲ. ಇವನೊಬ್ಬ ಇಲ್ಲಿ ಒಂದರಾಗ ಅದಾನ. ಹಿಂಗ ಗುಂಪು ಬಿಟ್ಟು ದೂರ ನಿಂತಾಂವಗ ಔಟ್‌ಲೈಯರ್ ಅಂತಾರ. ಯಾರಿವ?"

"ನಾನ ರೀ."

"ನಿಮಗ ಸಿಟ್ಟ ಬರೂದಿಲ್ಲ?"

"ಬರೂದs ಇಲ್ರಿ."

"ನನಗ್ಯಾಕೋ ಇದು ಸುಳ್ಳ ಅನಸ್ತದ" ಎಂದು ಮೆತ್ತಗೆ ಅಂದರು.

"ಸುಳ್ಳs?" ನಾನು ಯಾವಾಗ ಎದ್ದು ನಿಂತೆನೋ ತಿಳಿಯದು. "ನಮ್ಮೂರಿಗೆ ಬಂದ ಕೇಳ್ರಿ ಬೇಕಾದ್ರ! ನಮ್ಮ ಮನೆತನದಾಗ ಸಿಟ್ಟ ಅನ್ನೂದs ಗೊತ್ತಿಲ್ಲ! ನನ್ನಷ್ಟ ಸಮಾಧಾನದಾಂವ ಈ ಜಿಲ್ಲಾದಾಗ ಇದ್ರ ತೋರಸ್ರಿ!" ಎಂದು ಟೇಬಲ್ ಗುದ್ದಿದೆ. ನೀರಿನ ಗ್ಲಾಸು ಹಾರಿ ಪರೀಕ್ಷಕರ ತೊಡೆಯ ಮೇಲೆ ಮಗುಚಿತು.

ಅವರು ಕರವಸ್ತ್ರ ತೆಗೆದು ಪ್ಯಾಂಟ್ ಒರೆಸಿಕೊಂಡರು. ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, "ಮೇಡಂ, ಆ ಒಂದರ ಮುಂದ ಒಂದ ಸೊನ್ನಿ ಹಾಕಿಬಿಡ್ರಿ" ಅಂದರು.

ನನ್ನ ಕಣ್ಣ ಮುಂದೆ ಜೋಳದ ರಾಶಿ ಬಂತು. ಆದರೆ ಅವರು ಪೆನ್ನು ತೆಗೆದು ಸಹಿ ಮಾಡಿದರು. "ಆಕಾರ ಯಾಕ ಹಿಂಗ ಬಂತು ಅಂತ ನಿಮಗ ಬರೋಬ್ಬರಿ ಗೊತ್ತದ, ಅದಕ್ಕ ಪಾಸ್. ಆದ್ರ ಒಂದಿರಲಿ, ಹತ್ತಿರಲಿ, ನೀವು ಮಾತ್ರ ಖರೇನ ಔಟ್‌ಲೈಯರ್ ಅದೀರಿ."

ಹೊರಗೆ ಬಂದದ್ದೇ ದೋಸ್ತನ ಫೋನ್. "ಪಾಸ್ ಏನಲೇ? ಬಿರುದು ಏನ ಹಚ್ಚೂಣು?" ಇಂಥ ಮಾತನ್ನು ಅಷ್ಟು ದೊಡ್ಡ ಪರೀಕ್ಷಕರ ಬಾಯಿಂದ ಕೇಳಿದವರು ನಮ್ಮ ಕಡೆ ಎಷ್ಟು ಜನ ಇದ್ದಾರೆ? ಹೇಳಿಯೇ ಬಿಟ್ಟೆ.

ಮರುದಿನ ಮುಂಜಾನೆ ಬಸ್ ಸ್ಟ್ಯಾಂಡ್ ಮುಂದೆ ಫ್ಲೆಕ್ಸ್ ಏರಿತು. ಕರೀ ಕನ್ನಡಕದ ನಾನು, ಕೆಳಗೆ ಕೆಂಪಕ್ಷರದಲ್ಲಿ: 'ನಮ್ಮೂರ ಹೆಮ್ಮೆಯ ಏಕೈಕ ಔಟ್‌ಲೈಯರ್'. ದೋಸ್ತರು ಗುಲಾಲು ಹಾರಿಸಿದರು, ಎಮ್ಮೆಯಿಂದ ಒದೆಸಿಕೊಂಡ ಹಿರಿಯರು ಕುಂಟುತ್ತಲೇ ಬಂದು ಹಾರ ಹಾಕಿದರು. ಅಪ್ಪ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಓದುತ್ತ ನಿಂತಿದ್ದ.

"ಹಂಗಂದ್ರ ಏನಲೇ?"

ಮಂದಿಗೆಲ್ಲಾ ಕೇಳಲಿ ಎಂದು ದನಿ ಏರಿಸಿದೆ. "ಅಪ್ಪಾ, ಎಲ್ಲಾರೂ ಒಂದ ಕಡೆ ಗುಂಪಾಗಿ ಇರ್ತಾರ. ಅವ್ರನ್ನೆಲ್ಲಾ ಬಿಟ್ಟು ದೂರ ಒಬ್ಬನ ನಿಂತಿರ್ತಾನ ನೋಡು, ಅಂವಗ ಔಟ್‌ಲೈಯರ್ ಅಂತಾರ."

ಅಪ್ಪ ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಇದನ್ನ ಹೇಳಾಕ ಅಷ್ಟ ದೂರದ ಪರೀಕ್ಷಕರು ಯಾಕ ಬರಬೇಕಿತ್ತೊ? ವರ್ಷಾ ವರ್ಷಾ ಹೊಲದಾಗ ಎಲ್ಲಾರೂ ಕಸಾ ತಗಿಯೂವಾಗ ನೀ ಎಲ್ಲಿ ನಿಂತಿರ್ತಿ ಅಂತ ನಾವು ನೋಡಾಕ ಹತ್ತೇವಲ್ಲ!"