ಪೈಲ್ವಾನನ ಅಡ್ಡಣಿಗೆ

ಕೊಳ್ಳೇಗಾಲದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಶಾಂತಮೂರ್ತಿ ತನ್ನ ಗ್ರೇಹೌಂಡ್ ನಾಯಿಗೆ ಪೈಲ್ವಾನ್ ಎಂದು ಹೆಸರಿಟ್ಟಿದ್ದ. ಹೆಸರು ಕೇಳಿ ನೋಡಲು ಬಂದವರು ನಾಯಿಯ ಪಕ್ಕೆಲುಬು ಎಣಿಸಿ, ಒಡೆಯನ ಹೊಟ್ಟೆ ನೋಡಿ, ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ಹೋಗುತ್ತಿದ್ದರು. ಆ ಜಾತಿಯ ನಾಯಿ ಇರುವುದೇ ಹಾಗೆ ಎಂದರೆ ನಂಬುವವರು ಯಾರು? ಎದುರು ಮನೆಯ ಶಿವಮಲ್ಲಪ್ಪ ಕನಿಕರಪಟ್ಟು ಬೋಂಡ ಎಸೆದರು. ಹಿಂದಿನ ಮನೆಯ ಮಹಾದೇವಮ್ಮ ಉಳಿದ ಹುಳಿಯನ್ನ ಸುರಿದರು. ಪೈಲ್ವಾನ್ ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ಗಬಗಬನೆ ನುಂಗಿತು. ಆಮೇಲೆ ಅದು ಸದ್ದಿಲ್ಲದೆ ಬಿಡುತ್ತಿದ್ದ ಹೂಸಿಗೆ ಮನೆಯವರು ಊಟದ ತಟ್ಟೆ ಹಿಡಿದು ಜಗಲಿಗೆ ಓಡಿ ಬರುವಂತಾಯಿತು.

ಕಳೆದ ಸಲ ಯಳಂದೂರಿನಿಂದ ಬಂದಿದ್ದ ಅತ್ತೆ ಪುಟ್ಟಮಲ್ಲಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟಿದ್ದರು.

"ಅಳಿಯಂದಿರೇ, ಇನ್ನೊಂದ್ ಸಲ ಈ ಮನೇಲಿ ಈ ನಾತ ಬತ್ತೋ, ಈ ನಾಯ ಅನೂರ್ ತಾವ ನನ್ ತಮ್ಮನ್ ಒಲಕ್ಕೆ ಕಳ್ಸ್‌ಬುಡ್ತೀನಿ. ಕಾಡಂದಿ ಕಾಯ್ಲಿ!"

ಮನೆ ಅತ್ತೆಯ ಹೆಸರಿನಲ್ಲಿತ್ತು. ಹಾಗಾಗಿ ಮೇಲ್ಮನವಿಗೆ ದಾರಿಯಿರಲಿಲ್ಲ. ಕುಕ್ಕರ್ ಕೂಗಿದರೆ ಬಂದು ಶಾಂತಮೂರ್ತಿಯ ತೊಡೆಯ ನಡುವೆ ಮೂತಿ ತೂರಿಸಿ ನಡುಗುವ ನಾಯಿ ಅದು. ಕಾಡುಹಂದಿಯ ಮುಂದೆ ಅದು ಒಂದು ಗಳಿಗೆಯೂ ನಿಲ್ಲಲಾರದು. ಅಂದು ಸಂಜೆಯೇ ಶಾಂತಮೂರ್ತಿ ಪೈಲ್ವಾನನನ್ನು ಪಶು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರ್ ರೂಪ ನಾಯಿಯ ಹೊಟ್ಟೆ ಒತ್ತಿ ನೋಡಿದರು. "ಕತ್ತು ಉದ್ದ ಅಲ್ವಾ ಸಾರ್, ನೆಲದ ಮೇಲಿಟ್ರೆ ಬಗ್ಗಿ ಬಾಚ್ಕೊಂಡು ತಿನ್ನುತ್ತೆ, ಜೊತೆಗೆ ಗಾಳೀನೂ ನುಂಗುತ್ತೆ. ತಟ್ಟೆ ಎದೆ ಮಟ್ಟಕ್ಕಿಟ್ಟು ನೋಡಿ. ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಉಂಡ್ಮೇಲೆ ಒಂದು ಗಂಟೆ ಓಡಿಸ್ಬೇಡಿ. ಬೀದಿಯವರ ಬೋಂಡ ಬಂದ್."

ಎದೆ ಮಟ್ಟಕ್ಕೆ ತಟ್ಟೆ ನಿಲ್ಲಿಸುವುದು ಹೇಗೆ? ಸ್ಟೂಲಿನ ಮೇಲಿಟ್ಟರೆ ಜಾರಿತು, ಬಕೆಟ್ ಬೋರಲು ಹಾಕಿದರೆ ಉರುಳಿತು. ಕೊನೆಗೆ ಶಾಂತಮೂರ್ತಿ ಅಟ್ಟ ತಡಕಿದ. ಅಲ್ಲಿ ಅವನ ಅಜ್ಜನ ಕಾಲದ ಅಡ್ಡಣಿಗೆ ಸಿಕ್ಕಿತು. ಐನೋರು ನೆಲದ ಮೇಲೆ ಕೂತು ಊಟ ಮಾಡುವಾಗ ಅವರ ತಟ್ಟೆ ಇಡುವ ಮೂರು ಕಾಲಿನ ಮರದ ಆಸರೆ ಅದು. ಒಂದು ಕಾಲು ಮುರಿದಿತ್ತು, ಪ್ಲಾಸ್ಟಿಕ್ ದಾರದಲ್ಲಿ ಬಿಗಿದ. ಮನಸ್ಸಿನಲ್ಲೇ ಅಜ್ಜನಿಗೆ ಕೈಮುಗಿದು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪೈಲ್ವಾನ್ ಕತ್ತು ನೆಟ್ಟಗಿಟ್ಟುಕೊಂಡು, ಅಗಿದು ಅಗಿದು, ದೊಡ್ಡ ಮನುಷ್ಯರಂತೆ ಉಂಡಿತು. ಹತ್ತು ದಿನದಲ್ಲಿ ಮನೆಯಲ್ಲಿ ಊದುಬತ್ತಿಯ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಶಾಂತಮೂರ್ತಿ ಎದೆ ತುಂಬ ಉಸಿರೆಳೆದುಕೊಂಡ.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. ಮಠದ ಸ್ವಾಮಿಗಳಾದ ಬುದ್ಧಿಯವರು ಹನೂರಿಗೆ ಹೋಗುವವರು, ಮಧ್ಯಾಹ್ನದ ಪ್ರಸಾದ ನಿಮ್ಮ ಮನೆಯಲ್ಲೇ, ಅಡ್ಡಣಿಗೆ ನಾನೇ ತರುತ್ತೇನೆ ಎಂದರು.

ನಾಯಿ ಅಡ್ಡಣಿಗೆಯಲ್ಲಿ ಉಣ್ಣುವುದನ್ನು ಅತ್ತೆ ನೋಡಿದರೆ ಹನೂರಿಗೆ ನಾಯಿಯ ಜೊತೆ ಅಳಿಯನೂ ಹೋಗಬೇಕಾಗುತ್ತಿತ್ತು. ಶಾಂತಮೂರ್ತಿ ಅಡ್ಡಣಿಗೆಯನ್ನು ಅಟ್ಟಕ್ಕೆಸೆದ. ಹನ್ನೊಂದು ಗಂಟೆಗೆ ಪೈಲ್ವಾನನ ಅನ್ನವನ್ನು ಅವಸರದಲ್ಲಿ ನೆಲದ ಮೇಲಿಟ್ಟ. ಕಣ್ಣು ಮಿಟುಕಿಸುವುದರೊಳಗೆ ತಟ್ಟೆ ಖಾಲಿ. ಅನ್ನಕ್ಕಿಂತ ಹೆಚ್ಚು ಗಾಳಿಯೇ ಒಳಗೆ ಹೋಯಿತೆಂದು ಅವನಿಗೆ ಖಾತ್ರಿಯಾಯಿತು. ಹಿಂದಿನ ಅನುಭವದ ಪ್ರಕಾರ ಅದು ಎರಡು ತಾಸಿಗೆ, ಅಂದರೆ ಒಂದು ಗಂಟೆಗೆ, ಹೊರಗೆ ಬರಬೇಕು. ಬುದ್ಧಿಯವರ ಪ್ರಸಾದವೂ ಒಂದು ಗಂಟೆಗೇ. ಬೇರೆ ದಾರಿ ಕಾಣದೆ ನಾಯಿಯನ್ನು ನಡುಮನೆಯ ಪಕ್ಕದ ಕೋಣೆಯ ಮಂಚದ ಕೆಳಗೆ ಮಲಗಿಸಿ, ಬಾಗಿಲಿಗೆ ಬೆಡ್‌ಶೀಟ್ ಇಳಿಬಿಟ್ಟ.

ಬುದ್ಧಿಯವರು ಬಂದರು. ಜೊತೆಗೆ ಒಬ್ಬ ಮರಿಸ್ವಾಮಿಗಳೂ ಬಂದಿದ್ದರು.

"ಅಯ್ಯೋ, ಅಡ್ಡಣಿಗೆ ಒಂದೇ ತಂದಿವ್ನಿ!" ಎಂದು ಅತ್ತೆ ಕೈ ಹಿಸುಕಿಕೊಂಡರು.

ಕರೆಯದೆಯೇ ಬಂದಿದ್ದ ಶಿವಮಲ್ಲಪ್ಪ ಮುಂದೆ ಬಂದರು. "ಯೋಚ್ನೆ ಯಾಕವ್ವ? ಇವ್ರಟ್ಟದ್ ಮ್ಯಾಲೆ ಒಂದದೆ, ನಾ ನೋಡಿವ್ನಿ." ಶಾಂತಮೂರ್ತಿ ಬೇಡವೆನ್ನುವಷ್ಟರಲ್ಲಿ ಏಣಿ ಹತ್ತಿ ಇಳಿದೂ ಆಗಿತ್ತು.

ಅತ್ತೆ ಅಡ್ಡಣಿಗೆಯನ್ನು ತಿರುಗಿಸಿ ನೋಡಿದರು. ಪ್ಲಾಸ್ಟಿಕ್ ದಾರ. ಅಂಚಿನಲ್ಲಿ ಒಣಗಿದ ಮೊಸರನ್ನ.

"ಇದ್ರಲ್ಲಿ ಯಾರು ಉಂಡೋರು?"

"ನಾ... ನಾನೇ ಅತ್ತೆ. ಹೊಟ್ಟೇಲಿ ವಾಯು. ತಟ್ಟೆ ಎದೆ ಮಟ್ಟಕ್ಕಿಟ್ಕಂಡು ಉಣ್ಣಿ ಅಂತ ರೂಪ ಡಾಕ್ಟ್ರು ಹೇಳವ್ರೆ."

"ರೂಪ ಡಾಕ್ಟ್ರಾ?" ಶಿವಮಲ್ಲಪ್ಪ ಹುಬ್ಬೇರಿಸಿದರು. "ಅವ್ರು ನಮ್ಮೆಮ್ಮೆ ನೋಡೋ ಡಾಕ್ಟ್ರಲ್ವ ಸಾ?"

"ಕೈಗುಣ ಚೆನ್ನಾಗದೆ ಅಂತ..." ಎಂದು ಶಾಂತಮೂರ್ತಿ ಗೋಡೆ ನೋಡಿದ.

ಅತ್ತೆ ಅಳಿಯನ ಹೊಟ್ಟೆಯನ್ನೊಮ್ಮೆ ನೋಡಿದರು. ಎಮ್ಮೆ ಡಾಕ್ಟರ ಬಳಿ ಹೋದದ್ದರಲ್ಲಿ ತಪ್ಪೇನೂ ಕಾಣಲಿಲ್ಲವೋ ಏನೋ, ಮರಿಸ್ವಾಮಿಗಳ ತಟ್ಟೆಗೆ ಮಣೆ ತೊಳೆಯಲು ಹೋದರು.

ಒಂದು ಗಂಟೆಗೆ ಪ್ರಸಾದ ಶುರುವಾಯಿತು. ಅವರೆಕಾಳಿನ ಸಾರು, ಒಬ್ಬಟ್ಟು, ತುಪ್ಪ. ಎಲ್ಲರೂ ಕೈಮುಗಿದು ಸುತ್ತ ನಿಂತಿದ್ದರು. ಶಾಂತಮೂರ್ತಿಯ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಬೆಡ್‌ಶೀಟಿನ ಮೇಲೆ. ಒಂದೂ ಐದಾಯಿತು. ಒಂದೂ ಹತ್ತಾಯಿತು. ಗಂಡಾಂತರ ಕಳೆಯಿತು ಎಂದುಕೊಂಡ.

ಆಗ ಬಂತು. ಸದ್ದಿಲ್ಲ, ಸುಳಿವಿಲ್ಲ. ಮೊದಲು ಊದುಬತ್ತಿಯ ಪರಿಮಳ ಸೋತಿತು, ಆಮೇಲೆ ತುಪ್ಪದ ಘಮ. ಮರಿಸ್ವಾಮಿಗಳ ಕೈಯಲ್ಲಿದ್ದ ಒಬ್ಬಟ್ಟು ಬಾಯಿಯ ಹತ್ತಿರವೇ ನಿಂತಿತು. ಬುದ್ಧಿಯವರು ಕಣ್ಣು ಮುಚ್ಚಿದರು. ಅದು ಧ್ಯಾನವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಅತ್ತೆಯ ಮುಖ ಮೆಲ್ಲಗೆ ಬೆಡ್‌ಶೀಟಿನ ಕಡೆ ತಿರುಗಿತು. "ಆ ನಾಯಿ ಎಲ್ಲದೆ?"

ಶಾಂತಮೂರ್ತಿಯ ಕಣ್ಣಿಗೆ ಹನೂರಿನ ಹೊಲ ಕಂಡಿತು, ಕಾಡುಹಂದಿ ಕಂಡಿತು, ನಡುಗುವ ಮೂತಿ ಕಂಡಿತು. ಮಾನ ಹೋದರೆ ಹೋಗಲಿ ಎಂದು ಒಂದು ಹೆಜ್ಜೆ ಮುಂದಿಟ್ಟ.

"ನಾಯಿ ಅಲ್ಲ ಅತ್ತೆ. ತಪ್ಪಾಯ್ತು ಬುದ್ಧಿ... ನಾನೇ."

ಶಿವಮಲ್ಲಪ್ಪ ಅವನಿಂದ ಎರಡು ಹೆಜ್ಜೆ ದೂರ ಸರಿದರು. ಮರಿಸ್ವಾಮಿಗಳು ತುಟಿ ಕಚ್ಚಿಕೊಂಡು ಛಾವಣಿ ನೋಡಿದರು. ಬುದ್ಧಿಯವರೊಬ್ಬರೇ ನಗದೆ ಹೇಳಿದರು, "ಇರ್ಲಿ ಕಣಪ್ಪ. ನಾಕು ಜನದ ಮುಂದೆ ನಿಜ ಹೇಳುಕ್ಕೂ ಧೈರ್ಯ ಬೇಕು."

ಬುದ್ಧಿಯವರ ಕಾರು ಹೊರಟ ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಒಬ್ಬರು ಓಂಕಾಳು ಕಳಿಸಿದರು, ಇನ್ನೊಬ್ಬರು ಇಂಗು ಕಳಿಸಿದರು. ಶಿವಮಲ್ಲಪ್ಪನಂತೂ ತಮ್ಮ ಎಮ್ಮೆಗೆ ಕೊಟ್ಟಿದ್ದ ಪುಡಿಯನ್ನೇ ತಂದು, "ಡಾಕ್ಟ್ರೂ ಅವ್ರೇ, ಕಾಯ್ಲೆನೂ ಅದೇ. ಅಳತೆ ಮಾತ್ರ ಅರ್ಧ ಮಾಡ್ಕಳಿ ಸಾ" ಎಂದರು. ಶಾಂತಮೂರ್ತಿ ಎಲ್ಲವನ್ನೂ ತೆಗೆದುಕೊಂಡ. ನಾಯಿ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು.

ಆಗ ಹೆಂಡತಿ ದಿವ್ಯ ಅಡಿಗೆಮನೆಯಿಂದ ಬಂದು ಪಿಸುಗುಟ್ಟಿದಳು. "ರೀ, ಪೈಲ್ವಾನ್‌ನ ಕರ್ಕಂಡು ಬರ್ಲಾ? ಮಂಚದ ಕೆಳಗೆ ಕುಂಯ್ ಅಂತಿತ್ತು, ಎಲ್ಲಿ ಬೊಗಳ್ತದೋ ಅಂತ ಹನ್ನೆರಡು ಗಂಟೆಗೇ ಮಹಾದೇವಮ್ಮನ ಮನೇಲಿ ಬಿಟ್ಟಿದ್ದೆ."

ಶಾಂತಮೂರ್ತಿ ಕೋಣೆಗೆ ನುಗ್ಗಿ ಮಂಚದ ಕೆಳಗೆ ಬಗ್ಗಿದ. ಒಂದು ಹಳೆಯ ಗೋಣಿಚೀಲ, ಅಷ್ಟೇ. ಹಾಗಾದರೆ ಯಾರ ಪಾಪವನ್ನು ತಾನು ಹೊತ್ತುಕೊಂಡೆ ಎಂದು ಮಂಡಿಯೂರಿದಲ್ಲೇ ಯೋಚಿಸುತ್ತಿದ್ದಾಗ ಹಿಂದಿನಿಂದ ಬಾಗಿಲು ಮುಚ್ಚಿದ ಸದ್ದಾಯಿತು. ಅತ್ತೆ ಕಷಾಯದ ಲೋಟ ಹಿಡಿದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು.

"ಅಳಿಯಂದಿರೇ, ನಿಮ್ ಋಣ ಯಂಗ್ ತೀರಿಸ್ಲಿ? ರಾತ್ರಿಯಿಂದ ಬರೀ ಅವರೆಕಾಳೇ ತಿಂದಿದ್ನಿ. ತಡ್ಕಂಡೆ, ತಡ್ಕಂಡೆ, ಆಗ್ನಿಲ್ಲ. ನಾಯಿ ಮ್ಯಾಲಾಕ್‌ಬುಡನ ಅಂತ ಬಾಯ್ ತಗುದ್ನಿ, ಅಷ್ಟ್ರಲ್ಲಿ ನೀವು ನಿಮ್ ಮ್ಯಾಲೇ ಎಳ್ಕಂಡ್ರಿ. ಬುದ್ಧಿಯೋರ ಮುಂದೆ ನನ್ ಮಾನ ಉಳಿಸುದ್ರಿ. ಎತ್ತ ಮಗನೂ ಇಂಗ್ ಮಾಡ್ನಿಲ್ಲ!"

ಶಾಂತಮೂರ್ತಿ ಮಂಡಿಯ ಧೂಳು ಒರೆಸಿಕೊಂಡು ಎದ್ದು ಕೇಳಿದ, "ಅಂದ್ರೆ ಅತ್ತೆ... ಪೈಲ್ವಾನ್?"

"ಪಾಪದ್ದು, ಇಲ್ಲೇ ಇರ್ಲಿ ಬುಡಿ. ಯಾರೂ ಕಳ್ಸಲ್ಲ."

ಅವನಿಗೆ ಅಳುವೇ ಬಂದಂತಾಯಿತು. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಆ ಖಾರದ ಕಷಾಯವನ್ನೂ ಒಂದೇ ಗುಟುಕಿಗೆ ಖುಷಿಯಿಂದ ಕುಡಿದ. ಅತ್ತೆ ಖಾಲಿ ಲೋಟ ಇಸಿದುಕೊಂಡು, ಕಣ್ಣೊರೆಸಿಕೊಂಡು, ಬಾಗಿಲ ಬಳಿ ಹೋಗಿ ತಿರುಗಿ ನಿಂತರು.

"ಸೋಮಾರ ನಮ್ಮಕ್ಕನ್ ಮೊಮ್ಮಗಳ ಮದ್ವೆ ಅದೆ. ಎರಡ್ ದಿನ, ಊರ್ಗೂರೇ ಸೇರ್ತದೆ. ಅಂಗ್ಡಿ ಬಾಗ್ಲಾಕ್‌ಬುಟ್ಟು ಬಂದ್ಬುಡಿ. ನನ್ ಪಕ್ಕ ಬುಟ್ಟು ಒಂದ್ ಗಳ್ಗೆನೂ ಅತ್ತಾಗೆ ಇತ್ತಾಗೆ ಓಗ್ಬೇಡಿ."